ಸಿಂಗಪುರದ ಒಂದು ರಾತ್ರಿಗೆ ಅಮ್ಮನಿಗೊಂದು ಕೋಣೆ

ಮಗಳ ಬಾಣಂತನಕ್ಕೆಂದು 2024ರ ಮಾರ್ಚ್‌ನಲ್ಲಿ ನಾನೂ ಅಮ್ಮನೂ ಮೆಲ್ಬರ್ನ್‌ಗೆ ಹೊರಟೆವು. ಅಮ್ಮನಿಗೆ ಆಗ 77. ಎರಡೂ ಮೊಣಕಾಲು ಸವೆದಿವೆ, ಬಿ.ಪಿ. ಮಾತ್ರೆ ಇದೆ, ಆದರೂ ಮರಿಮಗುವಿನ ನೆತ್ತಿಗೆ ತಾನೇ ಎಣ್ಣೆ ಒತ್ತಬೇಕೆಂಬ ಹಟ. ಟಿಕೆಟ್ ಹುಡುಕುವಾಗ ಸಿಂಗಪುರದಲ್ಲಿ 15 ಗಂಟೆ ಕಾಯಬೇಕಾದ ಒಂದು ಟಿಕೆಟ್ ಉಳಿದವುಗಳಿಗಿಂತ ತಲೆಗೆ 9 ಸಾವಿರ ರೂಪಾಯಿ ಕಡಿಮೆಗೆ ಕಂಡಿತು. ಬೆಳಿಗ್ಗೆ 6ಕ್ಕೆ ಇಳಿಯುವುದು, ರಾತ್ರಿ 9ಕ್ಕೆ ಮುಂದಿನ ವಿಮಾನ. ಒಂದು ಕೋಣೆ ಹಿಡಿದರೆ ಅಮ್ಮ ಹಗಲೆಲ್ಲ ಮಲಗಬಹುದು, ಕೋಣೆಯ ದುಡ್ಡು ಕಳೆದರೂ ನಮಗೇ ಲಾಭ ಎಂದು ಲೆಕ್ಕ ಹಾಕಿದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಆದರೂ ಆ ಲೆಕ್ಕ ತಪ್ಪಿತು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಮಕ್ಕಳ ಮನೆಗೆ ಹೋಗುವವರು ನನ್ನ ಪರಿಚಯದಲ್ಲೇ ಎಷ್ಟೋ ಜನರಿದ್ದಾರೆ. ಅವರಿಗಾಗಿ, ಎಲ್ಲಿ ತಪ್ಪಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹೋಟೆಲ್ ಹುಡುಕುವ ಆ್ಯಪ್‌ನಲ್ಲಿ ಕಡಿಮೆ ಬೆಲೆಯದು ಮೊದಲು ಬರುವಂತೆ ಹಾಕಿಕೊಂಡು ನೋಡಿದೆ. ಗೇಲಾಂಗ್ ಎಂಬ ಕಡೆ 98 ಸಿಂಗಪುರ ಡಾಲರ್‌ಗೆ ಕೋಣೆ ಇತ್ತು. ಮೆಟ್ರೋ ನಿಲ್ದಾಣದ ಹತ್ತಿರ ಎಂದೂ ಬರೆದಿತ್ತು. ಹಿಡಿದುಬಿಟ್ಟೆ.

ನಾವು ಹೋಟೆಲ್ ಮುಟ್ಟಿದ್ದು ಬೆಳಿಗ್ಗೆ ಏಳೂವರೆಗೆ. ಕೌಂಟರಿನ ಹುಡುಗ ಮರ್ಯಾದೆಯಿಂದಲೇ ಹೇಳಿದ, ಕೋಣೆ ಮಧ್ಯಾಹ್ನ 3ಕ್ಕೆ. ಖಾಲಿ ಇದ್ದರೆ ಈಗಲೇ ಕೊಡಿ, ಬೇಕಾದರೆ ಇನ್ನಷ್ಟು ಕೊಡುತ್ತೇನೆ ಎಂದೆ. ಖಾಲಿ ಇರಲಿಲ್ಲ. ಅವನ ತಪ್ಪೇನೂ ಅಲ್ಲ. ಹಿಂದಿನ ರಾತ್ರಿಯವರು 11ಕ್ಕೋ 12ಕ್ಕೋ ಬಿಡಬೇಕು, ಆಮೇಲೆ ಹಾಸಿಗೆ ಬದಲಿಸಿ, ಬಾತ್‌ರೂಮ್ ತೊಳೆದು, ಎಲ್ಲ ಕೋಣೆ ಮುಗಿಸುವ ಹೊತ್ತಿಗೆ 2 ಅಥವಾ 3 ಗಂಟೆ ಆಗಿರುತ್ತದೆ. ಬುಕ್ ಮಾಡುವಾಗ ಆ '3 ಗಂಟೆ' ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ಏನೆಂದು ಮನಸ್ಸಿಗೆ ಹೋಗಿರಲಿಲ್ಲ.

ಅಮ್ಮ ಆ ಸಣ್ಣ ಲಾಬಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಳು. ಎ.ಸಿ. ಗಾಳಿ ನೇರ ಮುಖಕ್ಕೆ ಹೊಡೆಯುತ್ತಿತ್ತು. ಹೊರಗೆ ಕರೆದುಕೊಂಡು ಹೋದರೆ ಸೆಕೆ, ಒಳಗೆ ಚಳಿ. ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ಅಲ್ಲೇ ತಿಂದೆವು. ಹತ್ತು ಗಂಟೆಯ ಹೊತ್ತಿಗೆ ಅವಳ ಪಾದ ನೋಡಿದೆ, ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು.

"ತುಂಬಾ ನೋಯ್ತಿದ್ಯಾ ಅಮ್ಮಾ?"

"ಇಲ್ಲ ಕಣೆ, ಸ್ವಲ್ಪ ಭಾರ ಅಷ್ಟೆ. ನೀನು ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ಯ?"

ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

3ಕ್ಕೆ ಕೋಣೆ ಸಿಕ್ಕಿತು, ಆರೂವರೆಗೆ ವಿಮಾನ ನಿಲ್ದಾಣಕ್ಕೆ ಹೊರಡಬೇಕಿತ್ತು. ಮೂರೂವರೆ ಗಂಟೆ. 98 ಡಾಲರ್ ಎಂದದ್ದು ಬಿಲ್‌ನಲ್ಲಿ 117 ಡಾಲರ್ 50 ಸೆಂಟ್ ಆಯಿತು. ಸಿಂಗಪುರದಲ್ಲಿ ಎಷ್ಟೋ ಕಡೆ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಹಾಕಿರುತ್ತಾರೆ. ಒಂದು ಪ್ಲಸ್ ಎಂದರೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, ಇನ್ನೊಂದು ಅದರ ಮೇಲೆ ಜಿ.ಎಸ್.ಟಿ., ಅದು 2024ರ ಜನವರಿ 1ರಿಂದ 9 ಪರ್ಸೆಂಟ್. ಎರಡೂ ಸೇರಿ ನೂರಕ್ಕೆ ಹೆಚ್ಚುಕಡಿಮೆ 20 ಏರುತ್ತದೆ. ಕೆಲವು ಆ್ಯಪ್‌ಗಳು ಮೊದಲ ಪುಟದಲ್ಲಿ ಇದನ್ನು ಸೇರಿಸಿ ತೋರಿಸುತ್ತವೆ, ಕೆಲವು ಕೊನೆಯ ಪುಟದವರೆಗೂ ತೋರಿಸುವುದಿಲ್ಲ. ಎರಡು ಆ್ಯಪ್‌ಗಳ ಬೆಲೆ ಹೋಲಿಸುವಾಗ ಕೊನೆಯ ಪುಟಕ್ಕೇ ಹೋಗಿ ನೋಡಿ. ಅದಿರಲಿ, 117.50ನ್ನು ಮೂರೂವರೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 34 ಡಾಲರ್. ಪಟ್ಟಿಯಲ್ಲೇ ಅತಿ ಅಗ್ಗದ್ದು ಎಂದು ಹಿಡಿದ ಕೋಣೆ ಅಷ್ಟು ದುಬಾರಿ ಬಿತ್ತು. ಮೆಲ್ಬರ್ನ್ ವಿಮಾನದಲ್ಲಿ ಅಮ್ಮ ನಿದ್ದೆ ಹೋದಮೇಲೆ ಬೋರ್ಡಿಂಗ್ ಪಾಸ್‌ನ ಹಿಂಬದಿಯಲ್ಲಿ ಈ ಭಾಗಾಕಾರ ಮಾಡಿದೆ. ಅಂದಿನಿಂದ ಹೋಟೆಲ್ ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಈ ಹಾಸಿಗೆ ನಮಗೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ?

ಹಾಗೆ ನೋಡಿದರೆ ಆ ದಿನ ನಾವು ಊರೊಳಗೆ ಹೋಗಲೇಬಾರದಿತ್ತು. ಬೆಳಿಗ್ಗೆ ಇಳಿದು ರಾತ್ರಿ ಹೊರಡುವವರಿಗೆ ಚಾಂಗಿ ವಿಮಾನ ನಿಲ್ದಾಣದಲ್ಲೇ ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಹೋಟೆಲ್‌ಗಳಿವೆ. ಏರೋಟೆಲ್ ಇರುವುದು ಟರ್ಮಿನಲ್ 1ರಲ್ಲಿ, ಇಮಿಗ್ರೇಷನ್ ದಾಟುವ ಮೊದಲೇ. ಯೋಟೆಲ್‌ಏರ್ ಇರುವುದು ಜ್ಯುವೆಲ್ ಕಟ್ಟಡದಲ್ಲಿ, ಇಮಿಗ್ರೇಷನ್ ದಾಟಿದಮೇಲೆ. ಒಂದು ರಾತ್ರಿಯ ಬೆಲೆಗೆ ಹೋಲಿಸಿದರೆ ಆರು ಗಂಟೆಗೆ ಇಷ್ಟೊಂದಾ ಅನಿಸಬಹುದು. ಆದರೆ ಇಳಿದ ಅರ್ಧ ಗಂಟೆಯಲ್ಲಿ ಅಮ್ಮ ಕಾಲು ಚಾಚಿ ಮಲಗಿರುತ್ತಿದ್ದಳು. ಎದ್ದಮೇಲೆ ಜ್ಯುವೆಲ್‌ನ 40 ಮೀಟರ್ ಎತ್ತರದ ಜಲಪಾತವನ್ನು ಗಾಲಿಕುರ್ಚಿಯಲ್ಲೇ ಕೂತು ನೋಡಬಹುದಿತ್ತು. ಊರೊಳಗೆ ಹೋಗಲೇಬೇಕು ಎಂದಿದ್ದರೆ ಇನ್ನೊಂದು ದಾರಿ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿದು, ಬೆಳಿಗ್ಗೆ 7ಕ್ಕೆ ಬರುತ್ತೇವೆ, ಬುಕಿಂಗ್ ರದ್ದು ಮಾಡಬೇಡಿ ಎಂದು ಹೋಟೆಲ್‌ಗೆ ಮೇಲ್ ಕಳಿಸುವುದು. ಎರಡು ರಾತ್ರಿಯ ದುಡ್ಡು ಹೋಗುತ್ತದೆ, ಆದರೆ ಸಂಜೆವರೆಗೂ ಕೋಣೆ ನಮ್ಮದೇ.

ಆ ಕೋಣೆಯ ಬಗ್ಗೆಯೂ ಹೇಳಬೇಕು. 9 ಚದರ ಮೀಟರ್ ಎಂದು ಬರೆದಿತ್ತು. ಚದರ ಮೀಟರ್ ನಮಗೆ ಅಂದಾಜಿಗೆ ಬರುವುದಿಲ್ಲ. ಹತ್ತೂ ಮುಕ್ಕಾಲರಿಂದ ಗುಣಿಸಿದರೆ ಚದರ ಅಡಿ ಆಗುತ್ತದೆ. ಅಂದರೆ ಸುಮಾರು 97 ಚದರ ಅಡಿ, ನಮ್ಮ ಮನೆ ಕಟ್ಟುವ ಮೇಸ್ತ್ರಿಗಳ ಮಾತಿನಲ್ಲಿ ಒಂದು ಚದರಕ್ಕಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಬಾತ್‌ರೂಮ್ ಕೂಡ. ಡಬಲ್ ಮಂಚ ಒಂದು ಬದಿ ಗೋಡೆಗೆ ಅಂಟಿಕೊಂಡಿತ್ತು. ಒಳಬದಿಯಲ್ಲಿ ಮಲಗಿದವರು ಏಳಬೇಕಾದರೆ ಹೊರಬದಿಯವರನ್ನು ದಾಟಬೇಕು. ಶವರ್ ಕಮೋಡ್‌ನ ತಲೆಯ ಮೇಲೇ ಇತ್ತು. ಒಬ್ಬರು ಸ್ನಾನ ಮಾಡಿದರೆ ನೆಲವೆಲ್ಲ ಒದ್ದೆ, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಅಮ್ಮ ಒಳಗಿದ್ದಷ್ಟು ಹೊತ್ತೂ ನಾನು ಬಾಗಿಲ ಹೊರಗೆ ನಿಂತೇ ಇದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೋಣೆಗೆ ಕಿಟಕಿಯೇ ಇರಲಿಲ್ಲ. ಸಿಂಗಪುರದ ಅಗ್ಗದ ಹೋಟೆಲ್‌ಗಳಲ್ಲಿ ಇದು ಸಾಮಾನ್ಯ, ಕೋಣೆಯ ವಿವರದಲ್ಲಿ 'ನೋ ವಿಂಡೋ' ಎಂದು ಸಣ್ಣಕ್ಷರದಲ್ಲಿ ಬರೆದೇ ಇರುತ್ತಾರೆ. ಅಮ್ಮ ಸಂಜೆ ಎದ್ದವಳು ಕತ್ತಲಲ್ಲಿ ನನ್ನ ಕೈ ಹುಡುಕಿ, "ಈಗ ಬೆಳಗಾ, ರಾತ್ರಿಯಾ? ನಾವೆಲ್ಲಿದ್ದೀವಿ?" ಎಂದು ಕೇಳಿದಳು. ಗಡಿಯಾರ ತೋರಿಸಿದೆ. ಅವಳಿಗೆ ಸಮಾಧಾನ ಆಗಲಿಲ್ಲ.

ಮೂರು ತಿಂಗಳು ಮೊಮ್ಮಗುವಿಗೆ ನೀರೆರೆಯುತ್ತಾ, ಮಗಳಿಗೆ ಮೆಂತ್ಯದ ಲಡ್ಡು, ಬೆಳ್ಳುಳ್ಳಿ ಸಾರು ಮಾಡುತ್ತಾ ಕಳೆದವು. ಆ ನಡುವೆ ವಾಪಸು ಟಿಕೆಟ್‌ನ ದಿನ ಬದಲಿಸುವ ಸಂದರ್ಭ ಬಂತು. ಈ ಸಲ ಟಿಕೆಟ್ಟನ್ನೂ ಹೋಟೆಲ್ಲನ್ನೂ ಒಟ್ಟಿಗೆ ಇಟ್ಟುಕೊಂಡು ಕೂತೆ. ಮೆಲ್ಬರ್ನ್‌ನಿಂದ ಮಧ್ಯಾಹ್ನ ಹೊರಟು ಸಂಜೆ ಐದೂವರೆಗೆ ಸಿಂಗಪುರ, ಮರುದಿನ ರಾತ್ರಿ 8ಕ್ಕೆ ಬೆಂಗಳೂರಿನ ವಿಮಾನ. ಸಂಜೆ ಇಳಿದರೆ ಕೋಣೆ ಸಿದ್ಧವಾಗಿರುತ್ತದೆ, ಕಾಯುವ ಪ್ರಶ್ನೆಯೇ ಇಲ್ಲ. 7ರಿಂದ ಮರುದಿನ 12ರವರೆಗೆ 17 ಗಂಟೆ. ತೆರಿಗೆಯೆಲ್ಲ ಸೇರಿ 168 ಡಾಲರ್ ಆಯಿತು, ಹಿಂದಿನದಕ್ಕಿಂತ 50 ಡಾಲರ್ ಹೆಚ್ಚು. ಗಂಟೆಗೆ ನೋಡಿದರೆ 10 ಡಾಲರ್‌ಗೂ ಕಡಿಮೆ.

ವೀಸಾದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ಭಾರತೀಯರಿಗೆ ಸಿಂಗಪುರಕ್ಕೆ ವೀಸಾ ಬೇಕು. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾದಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದು, ಮುಂದಿನ ಪ್ರಯಾಣದ ಟಿಕೆಟ್ ಕೈಯಲ್ಲಿದ್ದರೆ 96 ಗಂಟೆಯವರೆಗೆ ವೀಸಾ ಇಲ್ಲದೆ ಊರೊಳಗೆ ಬಿಡುವ ಸೌಲಭ್ಯ ಇದೆ. ಬಿಡುವುದು ಬಿಡದಿರುವುದು ಅಲ್ಲಿನ ಅಧಿಕಾರಿಗೆ ಸೇರಿದ್ದು. ಹೊರಡುವ ಮೊದಲು ಅವರ ಇಮಿಗ್ರೇಷನ್ ಇಲಾಖೆಯ ಪುಟದಲ್ಲಿ ಷರತ್ತುಗಳನ್ನು ಓದಿಕೊಳ್ಳಿ. ನಮ್ಮ ಆಸ್ಟ್ರೇಲಿಯಾ ವೀಸಾ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ್ದಲ್ಲ, ಮೇಲ್‌ನಲ್ಲಿ ಬಂದ ಪತ್ರ. ಅದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಇನ್ನೊಂದು, ಎಸ್.ಜಿ. ಅರೈವಲ್ ಕಾರ್ಡ್. ಸಿಂಗಪುರ ಮುಟ್ಟುವ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಉಳಿಯುವ ಹೋಟೆಲ್‌ನ ವಿಳಾಸವನ್ನೂ ಕೇಳುತ್ತದೆ. ಸರ್ಕಾರದ ಪುಟದಲ್ಲಿ ಇದು ಉಚಿತ. ದುಡ್ಡು ಕೇಳುವ ಪುಟ ಕಂಡರೆ ಅದು ಬೇರೆ ಯಾರದೋ, ಮುಚ್ಚಿಬಿಡಿ.

ಎರಡನೆಯ ಸಲ ಯಾವ ಜಾಗ ಎಂದು ನಿರ್ಧರಿಸಲು ಒಂದು ಸಂಜೆ ಪೂರ್ತಿ ನಕ್ಷೆ ನೋಡಿದೆ. ಅಮ್ಮನಿಗೆ ನಮ್ಮ ಊಟ ಸಿಗಬೇಕು, ಬೆಳಿಗ್ಗೆ ಒಂದು ದೇವಸ್ಥಾನ ಸಿಗಬೇಕು. ಎರಡೂ ಇರುವುದು ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ. ಅಲ್ಲಿ ಹೋಟೆಲ್‌ಗಳೂ ಬೇಕಾದಷ್ಟಿವೆ. ಆದರೆ ವಿಮಾನ ನಿಲ್ದಾಣದಿಂದ ಲಿಟಲ್ ಇಂಡಿಯಾ ನಿಲ್ದಾಣಕ್ಕೆ ಮೆಟ್ರೋದಲ್ಲಿ ಹೋಗುವುದು ಅಷ್ಟು ಸಲೀಸಲ್ಲ. ಚಾಂಗಿಯಿಂದ ಒಂದು ನಿಲ್ದಾಣ ಹೋದರೆ ಎಕ್ಸ್‌ಪೋ, ಅಲ್ಲಿ ಡೌನ್‌ಟೌನ್ ಲೈನ್ ಹಿಡಿಯಬಹುದು. ನೀಲಿ ಗೆರೆಯ ಆ ರೈಲು ಜಲಾನ್ ಬೆಸಾರ್ ನಿಲ್ದಾಣಕ್ಕೆ ಬಂದು, ಆಮೇಲೆ ಚೈನಾಟೌನ್, ಬೇಫ್ರಂಟ್ ಎಂದು ಊರೆಲ್ಲ ಸುತ್ತಿಕೊಂಡು ಕೊನೆಗೆ ಲಿಟಲ್ ಇಂಡಿಯಾ ಮುಟ್ಟುತ್ತದೆ. ನಕ್ಷೆಯಲ್ಲಿ ನೋಡಿದರೆ ಜಲಾನ್ ಬೆಸಾರ್‌ಗೂ ಲಿಟಲ್ ಇಂಡಿಯಾಕ್ಕೂ ನಡುವೆ ಕಾಲ್ನಡಿಗೆಯ ದೂರ! ಇದು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಲಾನ್ ಬೆಸಾರ್ ನಿಲ್ದಾಣಕ್ಕೂ ಮುಸ್ತಫಾ ಸೆಂಟರ್ ಎಂಬ ದೊಡ್ಡ ಅಂಗಡಿ ಇರುವ ಸೈಯದ್ ಅಲ್ವಿ ರಸ್ತೆಗೂ ನಡುವೆ ಒಂದು ಹೋಟೆಲ್ ಹುಡುಕಿದೆ. ಒಂದೇ ಕಡೆ ರೈಲು ಬದಲಿಸಿದರೆ ಸಾಕು.

ಹೋಟೆಲ್ ಆರಿಸುವಾಗ ಒಟ್ಟು ಅಂಕ ನೋಡುವುದನ್ನು ಬಿಟ್ಟೆ. ಹತ್ತಕ್ಕೆ ಎಂಟು ಅಂಕ ಕೊಟ್ಟವರು ಬೆನ್ನಿಗೆ ಚೀಲ ಹಾಕಿಕೊಂಡು ಓಡಾಡುವ ಹುಡುಗರಿರಬಹುದು, ಅವರ ಎಂಟು ನನ್ನ ಅಮ್ಮನಿಗೆ ನಾಲ್ಕು. ಅದರ ಬದಲು ಜನ ಬರೆದದ್ದರಲ್ಲಿ ಕಳೆದ ಆರು ತಿಂಗಳದ್ದನ್ನು ಮಾತ್ರ ಇಟ್ಟುಕೊಂಡು, ಅದರೊಳಗೆ ಲಿಫ್ಟ್, ಕಿಟಕಿ, ಮೆಟ್ಟಿಲು, ಬಿಸಿನೀರು ಎಂಬ ಪದಗಳನ್ನು ಇಂಗ್ಲಿಷ್‌ನಲ್ಲಿ ಹುಡುಕಿದೆ. ಲಿಫ್ಟ್ ಮುಖ್ಯ. ಆ ಭಾಗದಲ್ಲಿ ಹಳೆಯ ಶಾಪ್‌ಹೌಸ್ ಕಟ್ಟಡಗಳನ್ನೇ ಹೋಟೆಲ್ ಮಾಡಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಎರಡು ಮೂರು ಅಂತಸ್ತಿನವು. ನೋಡಲು ಬಹಳ ಚೆನ್ನ, ಬಣ್ಣಬಣ್ಣದ ಬಾಗಿಲುಗಳು. ಆದರೆ ಕೆಲವಕ್ಕೆ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದು. ಮೊಣಕಾಲು ಸವೆದವರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಟ್ವಿನ್ ಎಂದಿರುವ ಕೋಣೆ ನೋಡಿ, ಎರಡು ಬೇರೆಬೇರೆ ಮಂಚ ಇರುತ್ತದೆ. ಅತಿಥಿಗಳೇ ತೆಗೆದ ಫೋಟೋಗಳಲ್ಲಿ ಬಾತ್‌ರೂಮ್ ನೋಡಿ, ಸ್ನಾನದ ಜಾಗಕ್ಕೆ ಗಾಜಿನ ತಡೆ ಇದ್ದರೆ ಉಳಿದ ನೆಲ ಒಣಗಿರುತ್ತದೆ. ಭಾನುವಾರ ಬೀಳುವುದಾದರೆ ಮೇಲಿನ ಮಹಡಿ ಕೇಳಿ. ವಾರವಿಡೀ ದುಡಿದ ನಮ್ಮ ಕಡೆಯ, ಬಾಂಗ್ಲಾದ ಕೆಲಸಗಾರರಿಗೆ ಅದೊಂದೇ ರಜೆ. ಊಟ, ಸಾಮಾನು, ಸ್ನೇಹಿತರ ಭೇಟಿ ಎಲ್ಲದಕ್ಕೂ ಅವರು ಬರುವುದು ಲಿಟಲ್ ಇಂಡಿಯಾಕ್ಕೇ, ಬೀದಿ ತುಂಬಿರುತ್ತದೆ.

ದುಡ್ಡು ಕೊಡುವ ಬಗ್ಗೆ ಹಳೆಯ ಕೆಲಸದ ಅಭ್ಯಾಸದಿಂದ ಒಂದೆರಡು ಮಾತು. ರದ್ದು ಮಾಡಲು ಬಾರದ ಕೋಣೆ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ನಡುವೆ ತಂಗುವವರಿಗೆ ಅದು ಬೇಡ. ವಿಮಾನದ ಸಮಯ ಬದಲಾದರೆ ಕೋಣೆಯ ದುಡ್ಡು ಮುಳುಗಿತು. ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರ್‌ನಲ್ಲಾ ಎಂದು ಯಂತ್ರ ಕೇಳಿದರೆ ಡಾಲರ್ ಎನ್ನಿ. ರೂಪಾಯಿ ಎಂದರೆ ಆ ಯಂತ್ರದವರು ತಮ್ಮದೇ ದರ ಹಾಕುತ್ತಾರೆ, ಅದು ಬಹುಮಟ್ಟಿಗೆ ನಮಗೆ ನಷ್ಟದ್ದೇ. ಹೋಟೆಲ್‌ನವರು ಠೇವಣಿ ಎಂದು ಒಂದಿಷ್ಟು ದುಡ್ಡು ತಡೆದಿಡುತ್ತಾರೆ. ಅದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಂಡು ವಾಪಸು ಬರಲು ದಿನಗಳು ಹಿಡಿಯುತ್ತವೆ.

ಸಾಮಾನಿನದು ಇನ್ನೊಂದು ಚಿಂತೆ. ಹೋಗುವಾಗ 15 ಗಂಟೆಯ ನಿಲುಗಡೆ, ಪೆಟ್ಟಿಗೆಗಳು ನೇರ ಮೆಲ್ಬರ್ನ್‌ಗೆ ಹೋದವು. ಬರುವಾಗ ಇಪ್ಪತ್ತಾರೂವರೆ ಗಂಟೆ. ನಿಲುಗಡೆ 24 ಗಂಟೆ ಮೀರಿದರೆ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಅಲ್ಲೇ ಬಿಡಿಸಿಕೊಳ್ಳಬೇಕು. ನಾಲ್ಕು ಪೆಟ್ಟಿಗೆ ಎಳೆದುಕೊಂಡು ಆ ಸಣ್ಣ ಕೋಣೆಗೆ ಹೋಗುವಂತಿರಲಿಲ್ಲ. ಚಾಂಗಿಯ ಲಗೇಜ್ ಇಡುವ ಕೌಂಟರಿನಲ್ಲಿ ದೊಡ್ಡವನ್ನೆಲ್ಲ ಬಿಟ್ಟು, ಒಂದು ಜೊತೆ ಬಟ್ಟೆ, ಮಾತ್ರೆ, ಮೂರು ಚಪ್ಪಟೆ ಕಡ್ಡಿಯ ಪ್ಲಗ್‌ಗೆ ಆಗುವ ಅಡಾಪ್ಟರ್ ಇದ್ದ ಕೈಚೀಲ ಮಾತ್ರ ತೆಗೆದುಕೊಂಡೆವು. ಆ ಸಂಜೆ ಟ್ಯಾಕ್ಸಿಯಲ್ಲೇ ಹೋದೆವು. ಎಂಟು ಗಂಟೆ ವಿಮಾನದಲ್ಲಿ ಕೂತವಳನ್ನು ರೈಲು ಹತ್ತಿಸಲು ನನಗೆ ಮನಸ್ಸು ಬರಲಿಲ್ಲ. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಮೀಟರ್ ಮೇಲೆ ಅರ್ಧದಷ್ಟು ಹೆಚ್ಚು ಬೀಳುತ್ತದೆ, ನಾವು ಹೋದದ್ದು ಅದಕ್ಕೆ ಬಹಳ ಮೊದಲು.

ಕೋಣೆ ದೊಡ್ಡದೇನಲ್ಲ, 14 ಚದರ ಮೀಟರ್. ಒಂದೂವರೆ ಚದರ. ಎರಡು ಮಂಚ, ಐದನೆಯ ಮಹಡಿ, ರಸ್ತೆಯ ಕಡೆ ಕಿಟಕಿ. ಅಮ್ಮ ಒಳಗೆ ಬಂದವಳು ಚೀಲ ಇಡುವ ಮೊದಲೇ ಪರದೆ ಸರಿಸಿ ನಿಂತಳು. ನಾನೊಬ್ಬಳೇ ಸೆರಂಗೂನ್ ರಸ್ತೆಗೆ ನಡೆದು ಹೋಗಿ ಕೋಮಳ ವಿಲಾಸದಿಂದ ಮೊಸರನ್ನ, ಇಡ್ಲಿ ಪಾರ್ಸೆಲ್ ತಂದೆ. 1947ರಿಂದ ಇರುವ ಸಸ್ಯಾಹಾರಿ ಹೋಟೆಲ್ ಅದು. ರಾತ್ರಿ ಒಂಬತ್ತರ ಸಮಯ, ನನ್ನಂಥ ಹೆಂಗಸು ಒಬ್ಬಳೇ ನಡೆಯಲು ಒಂದಿಷ್ಟೂ ಅಳುಕು ಆಗಲಿಲ್ಲ. ಜಾಗ ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿನ ಬಾಟಲಿ ಕೊಳ್ಳಬೇಕಾಗಿಲ್ಲ, ಅಲ್ಲಿ ನಲ್ಲಿಯ ನೀರನ್ನೇ ಕುಡಿಯಬಹುದು.

ಬೆಳಿಗ್ಗೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಹೋದೆವು. ಟೆಕ್ಕಾ ಸೆಂಟರ್ ಮಾರುಕಟ್ಟೆಯ ಕಡೆ ಕೊಂಡ ಮಲ್ಲಿಗೆಯನ್ನು ಅಮ್ಮ ಅರ್ಧ ದೇವರಿಗೆ ಕೊಟ್ಟು ಅರ್ಧ ಮುಡಿದಳು. ಅಲ್ಲಿಂದ ಹತ್ತಿರದಲ್ಲೇ, ಸೆರಂಗೂನ್ ರಸ್ತೆಯಲ್ಲೇ ನಮ್ಮ ಬೆಂಗಳೂರಿನ ಎಂ.ಟಿ.ಆರ್. ಇದೆ, 2013ರಲ್ಲಿ ಶುರುವಾದದ್ದು. ರವೆ ಇಡ್ಲಿ, ಬೆಳ್ಳಿ ಲೋಟದಲ್ಲಿ ಕೊಟ್ಟ ಕಾಫಿ. ಮೂರು ತಿಂಗಳ ಮೇಲೆ ಅಂಥ ಕಾಫಿ ಕುಡಿದು ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. 11ಕ್ಕೆ ವಾಪಸು ಬಂದು ಇನ್ನೊಂದು ಗಂಟೆ ಮಲಗಿದಳು. ಕೋಣೆ ಬಿಟ್ಟಮೇಲೆ ಕೈಚೀಲವನ್ನು ಕೌಂಟರಿನಲ್ಲೇ ಇಟ್ಟು ಮುಸ್ತಫಾದಲ್ಲಿ ತಿರುಗಿದೆವು, ಮೂರೂವರೆಗೆ ಜಲಾನ್ ಬೆಸಾರ್‌ನಿಂದ ರೈಲು ಹತ್ತಿದೆವು. ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಇದೆ, ಒಂದು ಮೆಟ್ಟಿಲೂ ಹತ್ತಬೇಕಾಗಲಿಲ್ಲ. ಕಾರ್ಡ್ ತೋರಿಸಿದರೆ ಗೇಟ್ ತೆರೆಯುತ್ತದೆ, ಆದರೆ ವಿದೇಶಿ ಕಾರ್ಡಿಗೆ ಬೇರೆ ಶುಲ್ಕ ಸೇರುತ್ತದೆ.

ನನ್ನ ತಂಗಿ ಮುಂದಿನ ತಿಂಗಳು ಕೌಲಾಲಂಪುರದ ಮೇಲೆ ಹೋಗುತ್ತಾಳೆ. ಇದೇ ಲೆಕ್ಕ ಅಲ್ಲಿಗೂ ಮಾಡಿಕೊಟ್ಟೆ. ಅಲ್ಲಿ ವಿಮಾನ ನಿಲ್ದಾಣ ಊರಿಂದ 50 ಕಿಲೋಮೀಟರ್‌ಗೂ ದೂರ. ಕೆ.ಎಲ್.ಐ.ಎ. ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಊರೊಳಗಿನ ಕೆ.ಎಲ್. ಸೆಂಟ್ರಲ್ ರೈಲು ನಿಲ್ದಾಣ ಮುಟ್ಟಿಸುತ್ತದೆ, ಆದರೆ ಅಲ್ಲಿಂದ ಮತ್ತೆ ಟ್ಯಾಕ್ಸಿ ಹಿಡಿದು ಟ್ರಾಫಿಕ್‌ನಲ್ಲಿ ಕೂತರೆ ಗಂಟೆಗಳು ಕರಗುತ್ತವೆ. ಹಾಗಾಗಿ ಅಗ್ಗದ ಕೋಣೆ ಎಂದು ದೂರ ಹೋಗಬೇಡ, ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲೇ ಹಿಡಿ ಎಂದಿದ್ದೇನೆ. ಅಲ್ಲೂ ನಮ್ಮ ಊಟ ಸಿಗುತ್ತದೆ. ವಿದೇಶಿಯರಿಗೆ ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಇದೆ, ಅದನ್ನು ಬಹುತೇಕ ಕೌಂಟರಿನಲ್ಲೇ ಕೇಳುತ್ತಾರೆ. ಹತ್ತು ಹನ್ನೆರಡು ಗಂಟೆಯಷ್ಟೇ ಇರುವುದಾದರೆ ಊರಿಗೆ ಹೋಗಲೇಬೇಡ, ನಿಲ್ದಾಣದ ಬಳಿಯೇ ಇರು, ಆದರೆ ನಿನ್ನ ವಿಮಾನ ಟರ್ಮಿನಲ್ 1ರದ್ದೋ 2ರದ್ದೋ ಮೊದಲು ನೋಡಿಕೋ ಎಂದೂ ಹೇಳಿದ್ದೇನೆ.

ಮಗು ಈಗ ಓಡಾಡುತ್ತದಂತೆ. ನಾವು ಮತ್ತೆ ಹೊರಡುವವರಿದ್ದೇವೆ. ಮೊನ್ನೆ ಅಮ್ಮನ ಪಕ್ಕ ಕೂತು ಅದೇ ಜಲಾನ್ ಬೆಸಾರ್ ಕಡೆಯ ಹೋಟೆಲ್ ತೆರೆದು ತೋರಿಸಿದೆ. ಬೆಲೆ ಹೇಳಿದೆ, ಎಷ್ಟು ಗಂಟೆಗೆ ತಲುಪುತ್ತೇವೆ ಎಂದು ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಫೋಟೋ ಒಂದೊಂದಾಗಿ ಸರಿಸಿ ನೋಡಿ, "ಕಿಟಕಿ ರಸ್ತೆ ಕಡೆಗೇ ಇರ್ಲಿ ಅಂತ ಬರಿ" ಎಂದಳು. ಅಲ್ಲೇ ಕೂತು ಹೋಟೆಲ್‌ನವರಿಗೆ ಮೇಲ್ ಹಾಕಿದೆ.